‘ಥಿಂಗ್’ ಎಂಬ ಸಂಗತಿ

ಸ್ನೇಹಿತರೇ,

ಇಂಗ್ಲಿಷ್ ಕಲಿಯಲು ತೊಡಗಿದ ಮಗುವಿಗೆ ಮೊದಲ ವರ್ಷದಲ್ಲೇ ಪರಿಚಯವಾಗುವ ಪದಗಳಲ್ಲಿ ‘ಥಿಂಗ್’ ಒಂದು. ಅದರ ಅರ್ಥಕ್ಕಾಗಿ ಯಾರೂ ನಿಘಂಟು ತೆರೆಯುವುದಿಲ್ಲ. ವಸ್ತು ಎಂದು ಒಮ್ಮೆ ಹೇಳಿಕೊಟ್ಟರೆ ಪಾಠ ಮುಗಿಯಿತು. ಮುಂದೆ ಜೀವಮಾನವಿಡೀ ಆ ಪದವನ್ನು ಬಳಸುತ್ತೇವೆ, ಅದರ ಕಡೆಗೆ ತಿರುಗಿ ನೋಡುವುದಿಲ್ಲ. ನಾನು ತಿರುಗಿ ನೋಡಬೇಕಾಗಿ ಬಂದದ್ದು ಅನುವಾದದ ಕೆಲಸದಲ್ಲಿ. ‘ವಸ್ತು’ ಎಂಬ ಒಂದೇ ಅರ್ಥವನ್ನು ಕೈಯಲ್ಲಿ ಹಿಡಿದು ಹೊರಟವನಿಗೆ ಹತ್ತು ವಾಕ್ಯ ದಾಟುವುದರೊಳಗೆ ದಾರಿ ಕಟ್ಟಿಹೋಗುತ್ತದೆ. ‘ಪೂರ್ ಥಿಂಗ್’ ಎನ್ನುವಲ್ಲಿ ವಸ್ತುವಿಲ್ಲ, ಮರುಕಕ್ಕೆ ಪಾತ್ರವಾದ ಒಂದು ಜೀವವಿದೆ. ‘ಹೌ ಆರ್ ಥಿಂಗ್ಸ್’ ಎಂದು ಕೇಳಿದವರು ಸಾಮಾನು ಸರಂಜಾಮಿನ ಲೆಕ್ಕ ಕೇಳುತ್ತಿಲ್ಲ. ‘ದಿ ಥಿಂಗ್ ಈಸ್’ ಎಂದು ಮಾತು ಆರಂಭಿಸಿದವರು ನಮಗೆ ಏನನ್ನೂ ತೋರಿಸುತ್ತಿಲ್ಲ, ಏನನ್ನೋ ವಿವರಿಸಲು ಸಿದ್ಧರಾಗುತ್ತಿದ್ದಾರೆ. ಇಷ್ಟೊಂದು ಕಡೆ ವಸ್ತುವಲ್ಲದ್ದು ವಸ್ತುವೆಂದು ಹೆಸರಾದ ಪದದೊಳಗೆ ಹೇಗೆ ಕುಳಿತುಕೊಂಡಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಸ್ತು ಎಂಬ ಅರ್ಥ ಈ ಪದಕ್ಕೆ ತಡವಾಗಿ ಬಂದದ್ದು. ಅದಕ್ಕೂ ಮೊದಲು ‘ಥಿಂಗ್’ ಎಂದರೆ ಸಭೆ. ಊರಿನ, ನಾಡಿನ ಜನ ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಬಯಲಿನಲ್ಲಿ ಕೂಡಿ, ವ್ಯಾಜ್ಯಗಳನ್ನು ಕೇಳಿ, ತೀರ್ಪು ಕೊಟ್ಟು, ಕಾನೂನು ನುಡಿಯುತ್ತಿದ್ದ ಕೂಟ. ಜನ ಕೂಡುವುದಕ್ಕೆ ಇದ್ದ ಹೆಸರು ನಿಧಾನವಾಗಿ ಜನರಲ್ಲದ್ದಕ್ಕೆಲ್ಲ ಹೆಸರಾಯಿತು. ಪದಗಳ ಚರಿತ್ರೆಯಲ್ಲಿ ಇಷ್ಟು ದೂರದ ಪ್ರಯಾಣ ಅಪರೂಪ. ಆದರೂ ಅದರ ಒಂದೊಂದು ಹೆಜ್ಜೆಯೂ ಚಿಕ್ಕದು, ಸಹಜವಾದದ್ದು.

ಮೊದಲು ಉಚ್ಚಾರಣೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ನಾವು ‘ಥಿಂಗ್’ ಎಂದು ಬರೆಯುತ್ತೇವೆ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇರಿಸಿ ಉಸಿರನ್ನು ಉಜ್ಜುತ್ತ ಹೊರಬಿಡುವ ಆ ಧ್ವನಿ ನಮ್ಮ ವರ್ಣಮಾಲೆಯಲ್ಲಿಲ್ಲ. ನಮ್ಮ ಮಹಾಪ್ರಾಣ ‘ಥ’ಕಾರ ಅದರ ನೆರೆಮನೆಯದು, ಅದೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಧ್ವನಿಗೆಂದೇ ‘ಥಾರ್ನ್’ ಎಂಬ ಒಂದು ಅಕ್ಷರವಿತ್ತು. ಇಂಗ್ಲಿಷ್ ಆ ಅಕ್ಷರವನ್ನು ಕಳೆದುಕೊಂಡು ಧ್ವನಿಯನ್ನು ಉಳಿಸಿಕೊಂಡಿತು. ಐಸ್‌ಲ್ಯಾಂಡಿನ ಭಾಷೆ ಎರಡನ್ನೂ ಉಳಿಸಿಕೊಂಡಿದೆ. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಅದೇ ಪದ ‘ಡಿಂಗ್’ ಆಯಿತು, ಡೇನಿಶ್, ಸ್ವೀಡಿಶ್, ನಾರ್ವೇಜಿಯನ್ ಭಾಷೆಗಳಲ್ಲಿ ‘ಟಿಂಗ್’ ಆಯಿತು. ಈ ಮೂರು ರೂಪಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಊರು, ಸಂಸತ್ತು, ವಾರಗಳ ಹೆಸರುಗಳಲ್ಲಿ ಒಂದೇ ಕುಟುಂಬದ ಮುಖ ಕಾಣುತ್ತದೆ.

ಜರ್ಮನಿಕ್ ಬುಡಕಟ್ಟುಗಳ ಸಭೆಗಳನ್ನು ಕುರಿತ ಹಳೆಯ ವರ್ಣನೆಯೊಂದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದಿಟ್ಟಿದ್ದಾನೆ. ಅಮಾವಾಸ್ಯೆ ಕಳೆದು ಚಂದ್ರ ಹುಟ್ಟುವಾಗ ಇಲ್ಲವೇ ಹುಣ್ಣಿಮೆಯಂದು ಅವರು ಕೂಡುತ್ತಿದ್ದರು. ಆಯುಧ ಧರಿಸಿಯೇ ಕುಳಿತುಕೊಳ್ಳುತ್ತಿದ್ದರು. ಸದ್ದಡಗಿಸುವ ಅಧಿಕಾರ ಪುರೋಹಿತರದು. ಹೇಳಿದ ಮಾತು ಹಿಡಿಸದಿದ್ದರೆ ಜನ ಗೊಣಗಿ ತಳ್ಳಿಹಾಕುತ್ತಿದ್ದರು, ಹಿಡಿಸಿದರೆ ಈಟಿಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಮಾಡುತ್ತಿದ್ದರು. ಕರೆದ ದಿನವೇ ಎಲ್ಲರೂ ಬರದೆ ಎರಡು ಮೂರು ದಿನ ಹಾಗೇ ವ್ಯರ್ಥವಾಗುತ್ತದೆ ಎಂಬ ಅಸಮಾಧಾನವನ್ನೂ ಅವನು ದಾಖಲಿಸಿದ್ದಾನೆ. ‘ಥಿಂಗ್’ ಎಂಬ ಪದವನ್ನು ಅವನು ಉಲ್ಲೇಖಿಸುವುದಿಲ್ಲ, ಆದರೆ ಗೊತ್ತಾದ ದಿನಕ್ಕೆ ಕೂಡುವುದು ಎಂಬ ಅವನ ಒತ್ತು ನಮಗೆ ಮುಖ್ಯ. ಏಕೆಂದರೆ ಈ ಪದಕ್ಕೆ ಸಂಬಂಧಪಟ್ಟ, ಜರ್ಮನಿಕ್ ಕುಟುಂಬದ ಪ್ರಾಚೀನ ಭಾಷೆಯಾದ ಗಾಥಿಕ್‌ನ ಒಂದು ಪದಕ್ಕೆ ‘ಕಾಲ’ ಎಂದು ಅರ್ಥವಿದೆ. ಗೊತ್ತುಪಡಿಸಿದ ಹೊತ್ತು, ಆ ಹೊತ್ತಿಗೆ ಕೂಡುವ ಸಭೆ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ಕ್ರಮ.

ಇಲ್ಲಿ ನಮ್ಮ ಭಾಷೆಯ ಕಡೆಯಿಂದ ಒಂದು ಸಾಕ್ಷ್ಯ ಹೇಳಬೇಕೆನಿಸುತ್ತದೆ. ನಾವು ದಿನವೂ ಬಳಸುವ ‘ಸಮಯ’ ಎಂಬ ಸಂಸ್ಕೃತ ಪದದ ಮೂಲಾರ್ಥ ‘ಕೂಡಿ ಬರುವುದು’. ಅದರಿಂದ ಒಪ್ಪಂದ ಎಂಬ ಅರ್ಥ ಬಂತು, ಒಪ್ಪಿಕೊಂಡ ಹೊತ್ತು ಎಂಬ ಅರ್ಥ ಬಂತು, ಕೊನೆಗೆ ಬರಿಯ ಹೊತ್ತು ಎಂಬ ಅರ್ಥವೇ ನಿಂತಿತು. ಅಲ್ಲಿ ಹೊತ್ತಿನಿಂದ ಸಭೆಗೆ, ಇಲ್ಲಿ ಸಭೆಯಿಂದ ಹೊತ್ತಿಗೆ. ಕೂಡುವ ಜನಕ್ಕೂ ಕೂಡುವ ಗಳಿಗೆಗೂ ನಡುವೆ ಎರಡೂ ದಿಕ್ಕಿನಲ್ಲಿ ಸಾಗುವ ದಾರಿಯೊಂದಿದೆ ಎಂಬುದು ಒಂದಕ್ಕೊಂದು ನಂಟಿಲ್ಲದ ಈ ಎರಡು ಪದಗಳಿಂದ ಸ್ಪಷ್ಟವಾಗುತ್ತದೆ.

ಕಲ್ಲಿನ ಮೇಲಿನ ಸಾಕ್ಷ್ಯವೂ ಇದೆ. ಬ್ರಿಟನ್ನಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕದ ಹೌಸ್‌ಸ್ಟೆಡ್ಸ್ ಎಂಬಲ್ಲಿ 1883ರಲ್ಲಿ ಒಂದು ಬಲಿಪೀಠ ದೊರೆಯಿತು. ಕ್ರಿ.ಶ. 3ನೇ ಶತಮಾನದಲ್ಲಿ ರೋಮನ್ ಸೇನೆಯಲ್ಲಿದ್ದ ಜರ್ಮನಿಕ್ ಮೂಲದ ಯೋಧರು ಅದನ್ನು ನಿಲ್ಲಿಸಿದ್ದರು. ‘ಮಾರ್ಸ್ ಥಿಂಕ್ಸಸ್’ ಎಂಬ ದೇವರಿಗೆ, ಅಂದರೆ ಸಭೆಯ ದೇವರಾದ ಮಾರ್ಸನಿಗೆ, ಮತ್ತು ಇಬ್ಬರು ದೇವತೆಯರಿಗೆ ಅದು ಅರ್ಪಿತವಾಗಿದೆ. ತಮ್ಮ ದೇವರನ್ನು ರೋಮನ್ನರ ಯುದ್ಧದೇವತೆಯ ಹೆಸರಿನಲ್ಲಿ ಕರೆದರೂ ಸಭೆಯ ಒಡೆಯ ಎಂಬ ವಿಶೇಷಣವನ್ನು ಆ ಯೋಧರು ತಮ್ಮ ಭಾಷೆಯಿಂದಲೇ ತಂದರು. ಮಂಗಳವಾರವನ್ನು ಡಚ್ಚರು ‘ಡಿನ್ಸ್‌ಡಾಖ್’ ಎಂದೂ ಜರ್ಮನ್ನರು ‘ಡೀನ್ಸ್‌ಟಾಗ್’ ಎಂದೂ ಕರೆಯುವುದಕ್ಕೆ ಈ ಸಭಾದೇವತೆಯೇ ಕಾರಣವೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ರೋಮನ್ನರಿಗೂ ಅದು ಮಾರ್ಸನ ದಿನವೇ ಆಗಿತ್ತು.

ಇಂಗ್ಲಿಷಿನಲ್ಲಿ ಪದ ಮೊದಲಿಗೆ ಕಾಣಿಸುವುದೂ ಕಾನೂನಿನಲ್ಲಿಯೇ. 7ನೇ ಶತಮಾನದ ಕೊನೆಯ ಭಾಗದಲ್ಲಿ ಕೆಂಟ್ ರಾಜ್ಯವನ್ನು ಆಳಿದ ಹ್ಲೋಥ್‌ಹೇರ್ ಮತ್ತು ಎಯಾಡ್ರಿಕ್ ಎಂಬ ಅರಸರ ಕಟ್ಟಳೆಯೊಂದು, ಒಬ್ಬ ಇನ್ನೊಬ್ಬನ ಮೇಲೆ ದೂರು ಹೊರಿಸಿ ಅವನನ್ನು ಸಭೆಯಲ್ಲಿ ಅಥವಾ ‘ಥಿಂಗ್’ನಲ್ಲಿ ಎದುರುಗೊಂಡಾಗ ಆಪಾದಿತನು ಜಾಮೀನು ಕೊಡಬೇಕು ಎಂದು ವಿಧಿಸುತ್ತದೆ. ಅಂದು ಆ ಪದ ಕೇಳಿದವರ ಕಣ್ಣಮುಂದೆ ಬರುತ್ತಿದ್ದುದು ಕೈಗೆ ಸಿಗುವ ಪದಾರ್ಥವಲ್ಲ, ಕೂಡಿದ ಜನ.

ಸಭೆ ಹೇಗೆ ವಸ್ತುವಾಯಿತು ಎಂಬುದಕ್ಕೆ ಈ ಕಟ್ಟಳೆಯೇ ಸುಳಿವು ಕೊಡುತ್ತದೆ. ಸಭೆಗೆ ಬಂದವನು ಬರಿಗೈಯಲ್ಲಿ ಬರುವುದಿಲ್ಲ. ಒಂದು ವ್ಯಾಜ್ಯ ಹೊತ್ತು ಬರುತ್ತಾನೆ. ಸಭೆ ಎಂಬ ಹೆಸರು ಸಭೆಯ ಮುಂದಿರುವ ವ್ಯಾಜ್ಯಕ್ಕೂ ಹತ್ತಿಕೊಳ್ಳುತ್ತದೆ. ವ್ಯಾಜ್ಯದಿಂದ, ಚರ್ಚಿಸಬೇಕಾದ ಯಾವುದೇ ವಿಷಯಕ್ಕೆ. ವಿಷಯದಿಂದ, ಮಾತನಾಡಲು ಬರುವ ಯಾವುದಕ್ಕೇ ಆದರೂ. ಹಾಗೆ ಮಾತನಾಡಲು ಬರುವವುಗಳಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಪದಾರ್ಥಗಳೂ ಸೇರಿರುವುದರಿಂದ, ಕೊನೆಗೆ ಅವಕ್ಕೆ. ನಾರ್ಮನ್ನರು ಇಂಗ್ಲೆಂಡಿಗೆ ಬರುವ ಮೊದಲೇ, ಹಳೆಯ ಇಂಗ್ಲಿಷಿನ ಕಾಲದಲ್ಲೇ, ಈ ಪ್ರಯಾಣ ಬಹುಮಟ್ಟಿಗೆ ಮುಗಿದಿತ್ತು.

ಸಭೆಯ ಅರ್ಥ ಇಂಗ್ಲಿಷಿನಿಂದ ಜಾರಿಹೋದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಹಳೆಯ ಇಂಗ್ಲಿಷ್ ಆಡುತ್ತಿದ್ದ ಆಂಗ್ಲೋ-ಸ್ಯಾಕ್ಸನ್ನರಲ್ಲಿ ಸಭೆಗೆ ‘ಯೆಮೋಟ್’ ಎಂಬ ಬೇರೆ ಪದವೂ ಚಾಲ್ತಿಯಲ್ಲಿತ್ತು, ಕ್ರಮೇಣ ಅದೇ ಮೇಲುಗೈ ಪಡೆಯಿತು. ಕಾನೂನು ವಿದ್ಯಾರ್ಥಿಗಳು ಇಂದೂ ‘ಮೂಟ್ ಕೋರ್ಟ್’ ಎಂದು ಅಣಕು ನ್ಯಾಯಾಲಯ ನಡೆಸುವಾಗ ಬಾಯಲ್ಲಿ ಬರುವುದು ಅದೇ ಪದ. ಒಂದು ಕೆಲಸಕ್ಕೆ ಇಬ್ಬರಿದ್ದಾಗ ಒಬ್ಬನಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಬಿಡುವು ಸಿಗುತ್ತದೆ. ‘ಥಿಂಗ್’ಗೆ ಸಿಕ್ಕಿದ್ದು ಆ ಬಿಡುವು.

ಆದರೆ ಸಮುದ್ರದ ಆಚೆ ಅದು ತನ್ನ ಹಳೆಯ ಹುದ್ದೆಯಲ್ಲೇ ಮುಂದುವರಿಯಿತು. ಐಸ್‌ಲ್ಯಾಂಡಿನಲ್ಲಿ 930ರ ಸುಮಾರಿಗೆ ಸ್ಥಾಪನೆಯಾದ ಇಡೀ ನಾಡಿನ ಸಭೆಗೆ ‘ಆಲ್ಥಿಂಗ್’ ಎಂದು ಹೆಸರು, ಅದು ಕೂಡುತ್ತಿದ್ದ ಬಯಲಿಗೆ ‘ಥಿಂಗ್‌ವೆಲ್ಲಿರ್’, ಅಂದರೆ ಸಭೆಯ ಬಯಲು ಎಂದು ಹೆಸರು. ಈ ಸಭೆಯ ಬಗ್ಗೆ ಸ್ವಲ್ಪ ನಿಂತು ಹೇಳುವುದು ಅಗತ್ಯ, ಏಕೆಂದರೆ ‘ಥಿಂಗ್’ ಎಂಬ ಪದದ ಹಳೆಯ ಜೀವ ಹೇಗಿತ್ತೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಆ ನಾಡಿಗೆ ಆಗ ಅರಸನಿರಲಿಲ್ಲ. ತೀರ್ಪನ್ನು ಜಾರಿಗೆ ತರುವ ಸೈನ್ಯವಾಗಲಿ ಅಧಿಕಾರಿಗಳಾಗಲಿ ಇರಲಿಲ್ಲ. ಗೆದ್ದವನೇ ತೀರ್ಪನ್ನು ಜಾರಿ ಮಾಡಿಕೊಳ್ಳಬೇಕಿತ್ತು. ಕಾನೂನು ಬರಹದಲ್ಲಿಯೂ ಇರಲಿಲ್ಲ. ಅದನ್ನು ಬಾಯಿಪಾಠವಾಗಿ ಹೊತ್ತ ‘ಕಾನೂನು ನುಡಿಯುವವ’ ಎಂಬ ಒಬ್ಬ ಅಧಿಕಾರಿಯಿದ್ದ. ಅವನು ಪ್ರತಿ ಬೇಸಿಗೆಯ ಸಭೆಯಲ್ಲಿ ‘ಲೊಗ್‌ಬೆರ್ಗ್’ ಎಂಬ ಕಾನೂನು ಬಂಡೆಯ ಮೇಲೆ ನಿಂತು ಇಡೀ ಕಾನೂನಿನ ಮೂರನೆಯ ಒಂದು ಭಾಗವನ್ನು ಜನರೆದುರು ಹೇಳಿ, ಮೂರು ವರ್ಷಗಳಲ್ಲಿ ಪೂರ್ತಿ ಮುಗಿಸಬೇಕಿತ್ತು. ಕ್ರಿ.ಶ. 1000ದ ಸುಮಾರಿಗೆ ಹಳೆಯ ದೇವರುಗಳನ್ನು ಪೂಜಿಸುವವರಿಗೂ ಕ್ರೈಸ್ತರಿಗೂ ನಡುವೆ ನಾಡು ಇಬ್ಭಾಗವಾಗುವ ಸ್ಥಿತಿ ಬಂದಾಗ, ಸ್ವತಃ ಹಳೆಯ ಧರ್ಮದವನಾಗಿದ್ದ ಥಾರ್ಗೇರ್ ಎಂಬ ಕಾನೂನು ನುಡಿಯುವವನಿಗೆ ನಿರ್ಧಾರವನ್ನು ಒಪ್ಪಿಸಿದ್ದೂ, ನಾಡಿಗೆಲ್ಲ ಒಂದೇ ಕಾನೂನು, ಒಂದೇ ಧರ್ಮ ಇರಲಿ, ಅದು ಕ್ರೈಸ್ತ ಧರ್ಮವಾಗಲಿ ಎಂದು ಅವನು ಸಾರಿದ್ದೂ ಅಲ್ಲಿಯೇ. ಆ ಬಯಲಿನಲ್ಲಿ ಸಭೆ ಕೊನೆಯದಾಗಿ ಕೂಡಿದ್ದು 1798ರಲ್ಲಿ. 1800ರಲ್ಲಿ ಅದನ್ನು ರದ್ದುಗೊಳಿಸಲಾಯಿತು. 1845ರಲ್ಲಿ ರೇಕ್ಯಾವಿಕ್‌ನಲ್ಲಿ ಮತ್ತೆ ಕೂಡಿತು. 1944ರ ಜೂನ್ 17ರಂದು ಐಸ್‌ಲ್ಯಾಂಡ್ ಗಣರಾಜ್ಯವೆಂದು ಘೋಷಣೆಯಾದಾಗ ಜನ ಮರಳಿ ಬಂದು ನಿಂತದ್ದು ಆ ಹಳೆಯ ಬಯಲಿನಲ್ಲೇ. ಆ ದೇಶದ ಸಂಸತ್ತಿನ ಹೆಸರು ಇಂದಿಗೂ ಆಲ್ಥಿಂಗ್.

ಉಳಿದ ಬಂಧುಗಳನ್ನು ಬೇಗ ಪರಿಚಯಿಸುತ್ತೇನೆ. ನಾರ್ವೆಯ ಸಂಸತ್ತು ‘ಸ್ಟೋರ್ಟಿಂಗ್’, ದೊಡ್ಡ ಸಭೆ. ಡೆನ್ಮಾರ್ಕಿನದು ‘ಫೋಲ್ಕೆಟಿಂಗ್’, ಜನರ ಸಭೆ. ಸ್ವೀಡನ್ನಿನ ಕೆಳಹಂತದ ನ್ಯಾಯಾಲಯ ‘ಟಿಂಗ್ಸ್‌ರೆಟ್’. ಸ್ಕಾಟ್‌ಲ್ಯಾಂಡಿನ ಡಿಂಗ್‌ವಾಲ್, ಶೆಟ್‌ಲ್ಯಾಂಡಿನ ಟಿಂಗ್‌ವಾಲ್, ಇಂಗ್ಲೆಂಡಿನ ಥಿಂಗ್‌ವಾಲ್ ಎಂಬ ಊರುಗಳಲ್ಲಿ, ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದ ವೈಕಿಂಗರು ಸಭೆ ನಡೆಸಿದ ಬಯಲುಗಳ ಗುರುತಿದೆ. ಮ್ಯಾನ್ ದ್ವೀಪದ ಸಂಸತ್ತಾದ ‘ಟಿನ್‌ವಾಲ್ಡ್’ ಕೂಡ ಅದೇ ಹೆಸರು. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಒಂದು ಮಣ್ಣಿನ ದಿಬ್ಬದ ಮೇಲೆ ಅಲ್ಲಿನ ಹೊಸ ಕಾನೂನುಗಳನ್ನು ಇಂಗ್ಲಿಷ್ ಮತ್ತು ಮ್ಯಾಂಕ್ಸ್ ಭಾಷೆಗಳಲ್ಲಿ ಜನರಿಗೆ ಓದಿ ಹೇಳುವ ಪದ್ಧತಿ ಇಂದೂ ನಡೆದಿದೆ.

ಇಂಗ್ಲಿಷಿಗೂ ಹಳೆಯ ಅರ್ಥ ಒಮ್ಮೆ ಹಿಂದಿರುಗಿ ಬಂತು, ವೈಕಿಂಗರ ದೋಣಿಯಲ್ಲಿ. ನಾಯಕನೊಬ್ಬ ತನ್ನ ಮನೆಯವರನ್ನೂ ಅನುಚರರನ್ನೂ ಸೇರಿಸಿ ನಡೆಸುವ ಸಭೆಗೆ ಅವರು ‘ಹೂಸ್-ಥಿಂಗ್’, ಅಂದರೆ ಮನೆಯ ಸಭೆ ಎನ್ನುತ್ತಿದ್ದರು. 1011ರಲ್ಲಿ ಡೇನರು, ಅಂದರೆ ಡೆನ್ಮಾರ್ಕಿನ ಕಡೆಯ ವೈಕಿಂಗರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಲ್ಫೆಜ್‌ನನ್ನು ಸೆರೆಹಿಡಿದು ಇಟ್ಟು, ಕೊನೆಗೆ 1012ರಲ್ಲಿ ತಮ್ಮ ‘ಹಸ್ಟಿಂಗ್’ಗೆ ಎಳೆದು ತಂದು ಕೊಂದರೆಂದು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಹೇಳುತ್ತದೆ. ಇಂಥ ಕಠೋರ ಸಂದರ್ಭದಲ್ಲಿ ಭಾಷೆಯೊಳಗೆ ಬಂದ ಪದ ಮುಂದೆ ಲಂಡನ್ನಿನ ಒಂದು ನ್ಯಾಯಾಲಯದ ಹೆಸರಾಯಿತು, ಆಮೇಲೆ ಚುನಾವಣೆಯಲ್ಲಿ ಅಭ್ಯರ್ಥಿಗಳು ನಿಂತು ಮಾತನಾಡುವ ಕಟ್ಟೆಯ ಹೆಸರಾಯಿತು. 1872ರಲ್ಲಿ ಬ್ರಿಟನ್ನಿನಲ್ಲಿ ಗುಪ್ತ ಮತದಾನ ಬಂದು ಆ ಕಟ್ಟೆಯ ಅಗತ್ಯ ಹೋಯಿತು, ಪದ ಹೋಗಲಿಲ್ಲ. ಚುನಾವಣಾ ಪ್ರಚಾರವನ್ನು ಇಂಗ್ಲಿಷ್ ಪತ್ರಿಕೆಗಳು ಇಂದೂ ‘ಹಸ್ಟಿಂಗ್ಸ್’ ಎನ್ನುತ್ತವೆ. ಹೀಗೆ ಒಂದೇ ಪದದ ಎರಡು ರೂಪಗಳು ಇಂಗ್ಲಿಷಿನಲ್ಲಿ ಅಕ್ಕಪಕ್ಕದಲ್ಲಿವೆ. ಒಂದು ಜನಸಭೆಯನ್ನು ಮರೆತಿದೆ, ಇನ್ನೊಂದು ಜನಸಭೆಯನ್ನು ಬಿಟ್ಟು ಬದುಕಲಾರದು.

ಇದು ಜರ್ಮನಿಕ್ ಭಾಷೆಗಳಿಗೆ ಮಾತ್ರ ಸಂಭವಿಸಿದ ಆಕಸ್ಮಿಕವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಲ್ಯಾಟಿನ್ನಿನ ‘ಕೌಸಾ’ ಎಂದರೆ ಕಾರಣ, ಜೊತೆಗೆ ನ್ಯಾಯಾಲಯದ ಮೊಕದ್ದಮೆ. ಅದರಿಂದಲೇ ಇಟಾಲಿಯನ್ ಮತ್ತು ಸ್ಪ್ಯಾನಿಶ್‌ನ ‘ಕೋಸಾ’, ಫ್ರೆಂಚಿನ ‘ಶೋಜ್’ ಹುಟ್ಟಿದವು. ಈ ಪದಗಳೆಲ್ಲಕ್ಕೂ ಇಂದು ‘ಥಿಂಗ್’ ಎಂದೇ ಅರ್ಥ. ಜರ್ಮನ್‌ನಲ್ಲಿ ‘ಡಿಂಗ್’ ಜೊತೆಗೆ ‘ಜಾಖೆ’ ಎಂಬ ಇನ್ನೊಂದು ಪದವಿದೆ, ಅದಕ್ಕೂ ವಸ್ತು, ವಿಷಯ ಎಂದೇ ಅರ್ಥ. ಅದರ ಮೂಲ ಅರ್ಥವೂ ವ್ಯಾಜ್ಯವೇ. ಇಂಗ್ಲಿಷಿನಲ್ಲಿ ‘ಫಾರ್ ದಿ ಸೇಕ್ ಆಫ್’ ಎನ್ನುವಾಗ ಬರುವ ‘ಸೇಕ್’ ಅದರ ಒಡಹುಟ್ಟು. ಯಾರ ‘ಸೇಕ್’ಗಾಗಿ ಎಂದರೆ ಯಾರ ಪರವಾದ ವ್ಯಾಜ್ಯಕ್ಕಾಗಿ ಎಂಬ ನೆರಳು ಆ ಮಾತಿನ ಹಿಂದೆ ಇದೆ. ವಸ್ತುವಿಗೆ ಹೆಸರು ಕೊಡುವಾಗ ಇಷ್ಟು ಭಾಷೆಗಳು ವಸ್ತುವಿನ ಕಡೆ ನೋಡದೆ, ಅದರ ಸುತ್ತ ನಿಂತು ವಾದಿಸುತ್ತಿದ್ದ ಮನುಷ್ಯರ ಕಡೆ ನೋಡಿವೆ. ನನ್ನನ್ನು ಈ ಪದದ ಹಿಂದೆ ಬೀಳುವಂತೆ ಮಾಡಿದ್ದು ಈ ಸಾಮ್ಯವೇ.

ವಾದದ ಬದಲು ಮಾತನ್ನೇ ಆರಿಸಿಕೊಂಡ ಭಾಷೆಗಳೂ ಇವೆ. ಹೀಬ್ರೂವಿನಲ್ಲಿ ‘ದಾವಾರ್’ ಎಂದರೆ ನುಡಿಯೂ ಹೌದು, ವಸ್ತುವೂ ಹೌದು. ರಷ್ಯನ್‌ನಲ್ಲಿ ‘ರೇಚ್’ ಎಂದರೆ ಮಾತು. ಅದರ ನಂಟಿನ ಪೋಲಿಶ್ ಪದ ‘ಝೆಚ್’ ಎಂದರೆ ವಸ್ತು. ಇನ್ನು ನಮ್ಮ ಕನ್ನಡದಲ್ಲಿ ‘ಮಾತು’ ಎಂಬುದೇ ಎಷ್ಟು ಸಲೀಸಾಗಿ ಈ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಿ. ‘ಅದು ಬೇರೆ ಮಾತು’ ಎನ್ನುತ್ತೇವೆ, ‘ಅದೇನು ದೊಡ್ಡ ಮಾತಲ್ಲ’ ಎನ್ನುತ್ತೇವೆ. ಎರಡರಲ್ಲೂ ಮಾತು ಎಂದರೆ ಆಡಿದ ನುಡಿಯಲ್ಲ, ನುಡಿಗೆ ಬಂದ ವಿಷಯ. ಇಂಗ್ಲಿಷಿನವರು ಈ ಎರಡೂ ಕಡೆ ‘ಥಿಂಗ್’ ಎಂದೇ ಹೇಳಿಯಾರು.

‘ಸಂಗತಿ’ ಎಂಬ ಪದವಂತೂ ‘ಥಿಂಗ್’ನ ಅವಳಿಯಂತಿದೆ. ‘ಸಂ’ ಎಂದರೆ ಒಟ್ಟಾಗಿ, ‘ಗತಿ’ ಎಂದರೆ ಹೋಗುವುದು. ಸಂಸ್ಕೃತದಲ್ಲಿ ಸಂಗತಿ ಎಂದರೆ ಕೂಡುವಿಕೆ, ಜೊತೆಗಾರಿಕೆ, ಒಡನಾಟ. ಕನ್ನಡದಲ್ಲಿ ಅದು ವಿಷಯ, ವಿದ್ಯಮಾನ, ನಡೆದ ಘಟನೆ. ‘ಒಂದು ಸಂಗತಿ ಹೇಳುತ್ತೇನೆ’ ಎಂದಾಗ ಆ ಪದದೊಳಗೆ ಕೂಟವೊಂದು ಅಡಗಿದೆ ಎಂದು ನಮಗೆ ಹೊಳೆಯುವುದೇ ಇಲ್ಲ; ‘ಥಿಂಗ್’ ಎನ್ನುವ ಇಂಗ್ಲಿಷರಿಗೂ ಹೊಳೆಯುವುದಿಲ್ಲ. ‘ವಿಷಯ’ದ ಕಥೆ ಬೇರೆ: ಹಳೆಯ ಶಾಸನಗಳಲ್ಲಿ ಅದು ಒಂದು ಪ್ರಾಂತ್ಯದ ಹೆಸರು, ಆಡಳಿತದ ಒಂದು ವಿಭಾಗ, ದರ್ಶನಗಳಲ್ಲಿ ಇಂದ್ರಿಯಗಳಿಗೆ ಗೋಚರವಾಗುವಂಥದ್ದು. ‘ಪದಾರ್ಥ’ವನ್ನು ಬಿಡಿಸಿದರೆ ‘ಪದದ ಅರ್ಥ’. ಯಾವುದಕ್ಕೆ ಹೆಸರಿದೆಯೋ ಅದು. ವೈಶೇಷಿಕ ದರ್ಶನ ಜಗತ್ತನ್ನು ವಿಂಗಡಿಸಿದ್ದು ಈ ಪದದಿಂದಲೇ. ‘ಒಡವೆ’ ಎಂಬ ನಮ್ಮ ಅಚ್ಚ ಪದಕ್ಕೆ ಹಿಂದೆ ಸೊತ್ತು, ಐಶ್ವರ್ಯ ಎಂಬ ವಿಶಾಲವಾದ ಅರ್ಥವಿತ್ತು, ಇಂದು ಆಭರಣ ಎಂಬಷ್ಟಕ್ಕೆ ಕಿರಿದಾಗಿದೆ. ಇಂಗ್ಲಿಷಿನ ಪದ ಹಿಗ್ಗಿತು, ನಮ್ಮ ಪದ ಕುಗ್ಗಿತು.

ಹಿಗ್ಗಿದ ಪದ ಅರ್ಥ ಕಳೆದುಕೊಂಡ ಪದವೆಂದು ಹಲವರು ಭಾವಿಸುತ್ತಾರೆ. ಪ್ರಬಂಧದಲ್ಲಿ ‘ಥಿಂಗ್’ ಬಳಸಬೇಡಿ, ಖಚಿತವಾದ ಪದ ಹುಡುಕಿ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಆ ಪದವನ್ನು ಸೋಮಾರಿಯ ಪದವೆಂದು ಕರೆಯುವುದನ್ನು ನಾನು ಒಪ್ಪಲಾರೆ. ಇಂಗ್ಲಿಷಿನ ವ್ಯಾಕರಣದಲ್ಲಿ ಅದು ಹೊತ್ತಿರುವ ಭಾರ ದೊಡ್ಡದು. ‘ಸಮ್‌ಥಿಂಗ್’, ‘ಎನಿಥಿಂಗ್’, ‘ಎವ್ರಿಥಿಂಗ್’, ‘ನಥಿಂಗ್’ ಎಂಬ ನಾಲ್ಕು ಪದಗಳಿಲ್ಲದೆ ಇಂಗ್ಲಿಷಿನಲ್ಲಿ ಒಂದು ಗಂಟೆಯ ಸಂಭಾಷಣೆ ನಡೆಯದು. ಅಲ್ಲಿ ‘ಥಿಂಗ್’ ನಾಮಪದವಾಗಿ ಉಳಿದಿಲ್ಲ, ಸರ್ವನಾಮದ ಅಂಗವಾಗಿದೆ. ಇದಕ್ಕೂ ಹಿಂದೆ ಅದೇ ಕೆಲಸ ಮಾಡುತ್ತಿದ್ದ ಇನ್ನೊಂದು ಪದವಿತ್ತು: ಹಳೆಯ ಇಂಗ್ಲಿಷಿನ ‘ವಿಹ್ಟ್’, ಅಂದರೆ ಜೀವಿ ಅಥವಾ ವಸ್ತು. ‘ಯಾವ ವಸ್ತುವೂ ಅಲ್ಲ’ ಎಂಬ ಅರ್ಥದಲ್ಲಿ ಅದಕ್ಕೆ ನಿಷೇಧ ಸೇರಿ ‘ನಾವಿಹ್ಟ್’ ಎಂಬ ಪದವಾಯಿತು, ಸವೆದು ಸವೆದು ಇಂದಿನ ‘ಇಲ್ಲ, ಅಲ್ಲ’ ಎನ್ನುವ ಪುಟ್ಟ ‘ನಾಟ್’ ಆಯಿತು. ಫ್ರೆಂಚಿನಲ್ಲಿ ‘ಏನೂ ಇಲ್ಲ’ ಎನ್ನಲು ಬಳಸುವ ‘ರ್ಯಾಂ’ ಹುಟ್ಟಿದ್ದು ವಸ್ತು ಎಂಬ ಅರ್ಥದ ಲ್ಯಾಟಿನ್ ‘ರೆಸ್’ ಪದದ ಒಂದು ರೂಪದಿಂದ. ಇರುವುದನ್ನು ಹೇಳುತ್ತಿದ್ದ ಪದ ಇಲ್ಲದ್ದನ್ನು ಹೇಳಲು ನಿಂತಿತು.

ಕನ್ನಡಕ್ಕೆ ಈ ಭಾರ ಹೊರಲು ಯಾವ ನಾಮಪದವೂ ಬೇಕಿಲ್ಲ ಎಂಬುದನ್ನು ಅನುವಾದ ಮಾಡುವವರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ನಮ್ಮಲ್ಲಿ ‘ಏನು’ ಎಂಬ ಒಂದೇ ಪದ ತನ್ನ ಕೊನೆಯ ಸ್ವರವನ್ನು ಬದಲಿಸಿಕೊಳ್ಳುತ್ತ ಏನೋ, ಏನೂ, ಏನಾದರೂ, ಏನೇನೋ ಎಂದು ಸಾಗುತ್ತದೆ. ‘ಎಲ್ಲ’ ಅದರ ಜೊತೆಗಿದೆ. ‘ಎ ಗುಡ್ ಥಿಂಗ್’ ಎನ್ನುವಲ್ಲಿ ‘ಒಳ್ಳೆಯದು’ ಎಂದರೆ ಸಾಕು. ‘ಅದು’ ಎಂಬ ನಪುಂಸಕ ರೂಪವೇ ಅಲ್ಲಿ ‘ಥಿಂಗ್’. ಮಾಡಬೇಕಾದದ್ದು, ಕಂಡದ್ದು, ಬೇಡದ್ದು, ಹಳೆಯದು, ಹೋಗಲಿ ಬಿಡಿ ಎನ್ನುವಂಥದ್ದು: ಇವೆಲ್ಲವೂ ಇಂಗ್ಲಿಷಿನಲ್ಲಿ ‘ಥಿಂಗ್’ ಬೇಡುವ ಜಾಗಗಳು. ಹೀಗಿರುವಾಗ ‘ನೀನು ಮಾಡಬೇಕಾದ ಮೊದಲ ವಿಷಯವೆಂದರೆ’ ಎಂದು ಬರೆಯುವುದು ‘ಥಿಂಗ್’ಗೆ ಕನ್ನಡದ ಅಂಗಿ ತೊಡಿಸಿ ಕಳುಹಿಸಿದಂತೆ. ‘ಮೊದಲು ನೀನು ಮಾಡಬೇಕಾದದ್ದು’ ಎಂದರೆ ವಾಕ್ಯ ತಾನಾಗಿ ಉಸಿರಾಡುತ್ತದೆ. ಇಂದಿನ ಅನುವಾದಿತ ಗದ್ಯದಲ್ಲಿ ‘ವಿಷಯ’, ‘ವಿಚಾರ’, ‘ವಸ್ತು’ ಎಂಬ ಪದಗಳು ಅಗತ್ಯವಿಲ್ಲದೆ ತುಂಬಿಕೊಳ್ಳುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಇದು ಪದಗಳ ಕೊರತೆಯಿಂದ ಆದದ್ದಲ್ಲ, ನಮ್ಮ ವಾಕ್ಯಕ್ಕೆ ಇರುವ ಅನುಕೂಲವನ್ನು ಮರೆತದ್ದರಿಂದ ಆದದ್ದು.

‘ಪೂರ್ ಥಿಂಗ್’ಗೆ ಮರಳೋಣ. ಅದಕ್ಕೆ ಸರಿಯಾದ ಕನ್ನಡ ‘ಪಾಪ’. ಈ ಬಳಕೆಯಲ್ಲಿ ಒಂದು ನಾಜೂಕಿದೆ. ಮನುಷ್ಯರನ್ನು ‘ಥಿಂಗ್’ ಎಂದು ಕರೆದಾಗ ಅದು ಅಕ್ಕರೆಯಾಗಬಹುದು, ಮರುಕವಾಗಬಹುದು, ತುಚ್ಛೀಕಾರವೂ ಆಗಬಹುದು. ಹಿಂದೆ ಬರುವ ವಿಶೇಷಣ ಮತ್ತು ಹೇಳುವ ದನಿ ಅದನ್ನು ನಿರ್ಧರಿಸುತ್ತವೆ. ವಿಶೇಷಣವಿಲ್ಲದೆ ಒಬ್ಬರನ್ನು ಬರಿಯ ‘ಥಿಂಗ್’ ಎಂದರೆ ಅವಮಾನವೇ. ವ್ಯಕ್ತಿ ಮತ್ತು ವಸ್ತು ಎಂಬ ವಿಂಗಡಣೆ ರೋಮನ್ ಕಾನೂನಿನಿಂದ ಯೂರೋಪಿನ ಚಿಂತನೆಗೆ ಗಟ್ಟಿಯಾಗಿ ಬಂದದ್ದು. ಆ ಕಾನೂನು ಗುಲಾಮನನ್ನು ಕೊಳ್ಳಬಹುದಾದ, ಮಾರಬಹುದಾದ ‘ರೆಸ್’ಗಳ ಪಟ್ಟಿಯಲ್ಲಿ ಭೂಮಿಯ ಜೊತೆಗೆ, ದುಡಿಯುವ ದನಗಳ ಜೊತೆಗೆ ಸೇರಿಸಿತ್ತು. ಮನುಷ್ಯರನ್ನು ವಸ್ತುವಾಗಿ ಕಾಣಬೇಡಿ ಎಂದು ಇಂಗ್ಲಿಷಿನಲ್ಲಿ ಇಂದು ಹೇಳುವವರ ಮಾತಿಗೆ ಹಿನ್ನೆಲೆಯಾಗಿ ಈ ಚರಿತ್ರೆಯಿದೆ. ಮುಕ್ತ ಮನುಷ್ಯರು ಕೂಡಿ ಕುಳಿತ ಸಭೆಗೆ ಇದ್ದ ಹೆಸರೇ ಮನುಷ್ಯತ್ವ ಕಳೆದುಕೊಂಡ ಸ್ಥಿತಿಗೆ ಹೆಸರಾಯಿತು ಎನ್ನುವುದನ್ನು ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ.

ತತ್ತ್ವಶಾಸ್ತ್ರದಲ್ಲಿ ಈ ಪದ ಪಡೆದ ಗೌರವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಅನುಭವಕ್ಕೆ ಹೊರತಾಗಿ ತಾನು ತಾನಾಗಿರುವ ವಸ್ತುವನ್ನು ಜರ್ಮನ್ ತತ್ತ್ವಜ್ಞಾನಿ ಕಾಂಟ್ ‘ಡಿಂಗ್ ಆನ್ ಜಿಶ್’ ಎಂದು ಕರೆದ. 20ನೇ ಶತಮಾನದ ಮಧ್ಯದಲ್ಲಿ ಇನ್ನೊಬ್ಬ ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ ಈ ಪದದ ಸಭೆಯ ಅರ್ಥವನ್ನೇ ಮತ್ತೆ ಎತ್ತಿಕೊಂಡು, ಒಂದು ಹೂಜಿಯನ್ನು ಉದಾಹರಣೆಯಾಗಿಟ್ಟು, ವಸ್ತು ಎಂದರೆ ತನ್ನ ಸುತ್ತ ಹಲವನ್ನು ಕೂಡಿಸುವಂಥದ್ದು ಎಂದು ವಾದಿಸಿದ. ಆ ವಾದದ ಸೊಗಸು ನನಗೆ ಹಿಡಿಸುತ್ತದೆ, ಆದರೆ ಪದದ ಹುಟ್ಟು ವಸ್ತುವಿನ ಸ್ವರೂಪವನ್ನು ರುಜುವಾತುಪಡಿಸುತ್ತದೆಂದು ನಂಬಲು ನಾನು ಸಿದ್ಧನಿಲ್ಲ. ವ್ಯುತ್ಪತ್ತಿ ಹೇಳುವುದು ಜನ ಹೇಗೆ ಯೋಚಿಸುತ್ತ ಬಂದರು ಎಂಬುದನ್ನು. ಜಗತ್ತು ಹೇಗಿದೆ ಎಂಬುದನ್ನಲ್ಲ.

ಕೊನೆಯದಾಗಿ, ಇತ್ತೀಚಿನ ಒಂದು ಬಳಕೆ. ‘ಈಸ್ ದ್ಯಾಟ್ ಎ ಥಿಂಗ್’ ಎಂದು ಕಿರಿಯರು ಕೇಳುವುದನ್ನು ನೀವು ಕೇಳಿರಬಹುದು. ‘ಇಟ್ ಹ್ಯಾಸ್ ಬಿಕಮ್ ಎ ಥಿಂಗ್’ ಎಂದೂ ಹೇಳುತ್ತಾರೆ. ಇದನ್ನು ಕೆಟ್ಟ ಇಂಗ್ಲಿಷ್ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅದರ ಅರ್ಥವನ್ನು ಬಿಡಿಸಿ ನೋಡಿ. ಒಬ್ಬರು ಒಂಟಿಯಾಗಿ ಮಾಡುವ ಅಭ್ಯಾಸ, ಒಬ್ಬರಿಗೆ ಮಾತ್ರ ತೋಚಿದ ಆಲೋಚನೆ ಈ ಅರ್ಥದಲ್ಲಿ ‘ಥಿಂಗ್’ ಅಲ್ಲ. ಹಲವರು ಅದನ್ನು ಗುರುತಿಸಬೇಕು, ಅದರ ಬಗ್ಗೆ ಮಾತನಾಡಬೇಕು, ಅದಕ್ಕೊಂದು ಹೆಸರು ಬಿದ್ದಿರಬೇಕು. ಆಗ ಅದು ‘ಎ ಥಿಂಗ್’. ಕೈಗೆ ಸಿಗುವ ವಸ್ತುವಿನ ಅರ್ಥ ಇಲ್ಲಿ ಸ್ವಲ್ಪವೂ ಇಲ್ಲ. ಇರುವುದು ನಾಲ್ಕು ಜನರ ನಡುವೆ ಎದ್ದ ವಿಷಯ ಎಂಬ ಅರ್ಥ. ಹ್ಲೋಥ್‌ಹೇರ್‌ನ ಕಟ್ಟಳೆಯನ್ನು ಅವರು ಓದಿರಲಾರರು, ಆಲ್ಥಿಂಗ್‌ನ ಹೆಸರನ್ನೂ ಕೇಳಿರಲಾರರು. ಆದರೂ ಸುಮಾರು 1300 ವರ್ಷಗಳ ಹಿಂದೆ ಈ ಪದ ನಿಂತಿದ್ದ ಜಾಗದ ತೀರ ಸಮೀಪಕ್ಕೆ ಅದನ್ನು ತಂದು ನಿಲ್ಲಿಸಿದ್ದಾರೆ. ಇದನ್ನು ಕನ್ನಡಕ್ಕೆ ತರಬೇಕಾದಾಗ ನಾನು ‘ಈಗ ಅದೂ ಒಂದು ಸಂಗತಿಯಾಗಿದೆ’ ಎಂದು ಬರೆಯುತ್ತೇನೆ.